ಬೆನ್ನ ಮೇಲೆ ಬರೆಸಿಕೊಂಡ ಬೋರಯ್ಯ

ಬಸ್ತಿಹಳ್ಳಿಯ ಜವರಪ್ಪನವರಿಗೆ ಎಳನೀರು ಕೊಡುವುದಿಲ್ಲ ಎಂದು ಬೋರಯ್ಯ ಹೇಳಿದ ದಿನ ಹಳೇಬೀಡಿನ ಬಸ್ ನಿಲ್ದಾಣದ ಸುತ್ತಮುತ್ತ ಬೇರೆ ಸುದ್ದಿಯೇ ಇರಲಿಲ್ಲ. ಜವರಪ್ಪನವರೇನು ದಾರಿಹೋಕರಲ್ಲ. ಬೋರಯ್ಯನ ಸ್ವಂತ ಬೀಗರು. ಮಗಳು ಲತಾಮಣಿಯನ್ನು ಕೊಟ್ಟಿರುವುದು ಅವರ ಮನೆಗೆ. ಗಾಡಿಯ ಮೇಲೆ ಒಟ್ಟಿದ್ದ ಗೊನೆಗಳೂ ಹೆಚ್ಚುಕಮ್ಮಿ ಅವರ ತೋಟದವೇ. ತನ್ನ ತೋಟದ ಎಳನೀರು ತನಗೇ ಇಲ್ಲ ಎನ್ನಿಸಿಕೊಂಡ ಮನುಷ್ಯನನ್ನು ಆ ಊರು ಅದೇ ಮೊದಲು ನೋಡಿದ್ದು.

"ಕೆತ್ತಿ ಬೀಗ್ರೇ, ಹೊತ್ತಾಯ್ತು" ಎಂದು ಜವರಪ್ಪ ಎಂದಿನಂತೆ ಖಾಲಿ ಹೊಟ್ಟೆಯಲ್ಲಿ ಬಂದು ನಿಂತಿದ್ದರು. ದಿನಕ್ಕೆ ಮೂರು ಎಳನೀರು, ಅದೂ ಗಂಜಿ ಕಟ್ಟದ ಬರೀ ನೀರಿನದು. ನಾಲ್ಕು ತಿಂಗಳಿಂದ ಅದೇ ಕ್ರಮ.

ಬೋರಯ್ಯ ಮಚ್ಚನ್ನು ಹಲಗೆಗೆ ಕಚ್ಚಿಸಿ ನಿಲ್ಲಿಸಿದ. "ನಿಮ್ಗೆ ಕೊಡಲ್ಲ ಬೀಗ್ರೇ. ನಿಮ್ಗೆ ಉಚ್ಚೆ ಸಲೀಸಾಗಿ ಹೋಗ್ತಿಲ್ಲ, ಅದು ನಂಗೊತ್ತು. ಹಾಸನಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡ್ಸಿ, ಚೀಟಿ ತಂದು ತೋರ್ಸಿ. ಆಮೇಲೆ ಗಾಡೀನೇ ಬಿಟ್ಕೊಡ್ತೀನಿ."

ಪಕ್ಕದಲ್ಲಿ ಬೀಡಿ ಸೇದುತ್ತಿದ್ದ ಕಂಡಕ್ಟರು ಕೆಮ್ಮುತ್ತ ನಕ್ಕ. ಹೂವಿನವಳು ಮೊಳ ಹಾಕುತ್ತಿದ್ದ ಕೈ ನಿಲ್ಲಿಸಿದಳು. ಜವರಪ್ಪನವರ ಮುಖ ಕಪ್ಪಿಟ್ಟಿತು. ಹೆಗಲ ಮೇಲಿನ ಟವೆಲನ್ನು ಒಮ್ಮೆ ಕೊಡವಿ, ಹೊರಟುಹೋದರು. ಮಾರನೆಯ ದಿನದಿಂದ ಅವರ ತೋಟದ ಗೊನೆಗಳು ಬರುವುದು ನಿಂತಿತು.

ಬೋರಯ್ಯ ಹೀಗೆ ಬೀದಿಯಲ್ಲಿ ಬೀಗರ ಮಾನ ಹರಾಜು ಹಾಕುವ ಜಾತಿಯವನಾಗಿರಲಿಲ್ಲ. ಮೂವತ್ತೊಂದು ವರ್ಷದಿಂದ ಅದೇ ಜಾಗದಲ್ಲಿ ಗಾಡಿ ನಿಲ್ಲಿಸಿದವನು. ದೇವಸ್ಥಾನ ನೋಡಲು ಬಂದವರಿಗೆ ಕುಡಿಸುವುದು ಹೊತ್ತೇರಿದ ಮೇಲಿನ ವ್ಯಾಪಾರ. ಬೆಳಗಿನ ಹೊತ್ತು ಬರುವವರು ಊರಿನವರು, ಸುತ್ತಮುತ್ತಲ ಹಳ್ಳಿಯವರು. ಅವರು ಬರುತ್ತಿದ್ದುದು ಬಾಯಾರಿಕೆಗಲ್ಲ, ಉಷ್ಣಕ್ಕೆ.

ನಮ್ಮ ಸೀಮೆಯಲ್ಲಿ ಉಷ್ಣ ಎನ್ನುವುದು ಎಲ್ಲ ಕಾಯಿಲೆಗಳ ಯಜಮಾನ. ಕಣ್ಣು ಉರಿದರೆ ಉಷ್ಣ, ಬಾಯಿ ಹುಣ್ಣಾದರೆ ಉಷ್ಣ, ಹೆಂಡತಿ ರೇಗಿದರೆ ಅದೂ ಉಷ್ಣ. ಇನ್ನು ಐವತ್ತು ದಾಟಿದ ಗಂಡಸಿಗೆ ಉಚ್ಚೆ ಕಟ್ಟಿತು, ತೊಟ್ಟಿಕ್ಕಿತು, ಉರಿಯಿತು ಎಂದರೆ ಉಷ್ಣವಲ್ಲದೆ ಮತ್ತೇನು? ಅಂಥವರು ಗಾಡಿಯ ಹತ್ತಿರ ಬಂದು, ಆ ಕಡೆ ಈ ಕಡೆ ನೋಡಿ, "ಬೋರಣ್ಣ, ಸ್ವಲ್ಪ ಹೀಟಾಗೈತೆ" ಎನ್ನುತ್ತಿದ್ದರು. ಬೋರಯ್ಯನಿಗೆ ಅಷ್ಟೇ ಸಾಕು. "ಮೂರು ದಿವ್ಸ ಬರೀ ಹೊಟ್ಟೇಲಿ ಬನ್ನಿ. ಜೀರಿಗೆ ಪುಡಿ, ಕಲ್ಲುಸಕ್ರೆ ಹಾಕ್ಕೊಡ್ತೀನಿ. ಮನೇಲಿ ನೆತ್ತಿಗೆ, ಅಂಗಾಲಿಗೆ ಹರಳೆಣ್ಣೆ ತಿಕ್ಕುಸ್ಕಳಿ" ಎಂದು ಮದ್ದು ಬರೆದೇಬಿಡುತ್ತಿದ್ದ. ಎಳನೀರು ಡಾಕ್ಟ್ರು ಎಂದು ಅವನಿಗೆ ಹೆಸರೇ ಬಿದ್ದಿತ್ತು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಯಾರಿಗೂ ಬೇಸರವಿರಲಿಲ್ಲ.

ಅದೇ ಉಷ್ಣ ಒಂದು ದಿನ ಬೋರಯ್ಯನಿಗೂ ಬಂತು. ತನ್ನ ಮದ್ದನ್ನು ತಾನೇ ಕುಡಿದ. ಎರಡು ವರ್ಷ ಕುಡಿದ! ಹೆಂಡತಿ ಹುಚ್ಚಮ್ಮ ಹರಳೆಣ್ಣೆ ತಿಕ್ಕಿ ತಿಕ್ಕಿ ಅವನ ನೆತ್ತಿಯ ಕೂದಲೇ ಅರ್ಧ ಉದುರಿತು. ಕೊನೆಗೆ ಅರಸೀಕೆರೆಗೆ ಹೋಗುವ ಬಸ್ಸಿನಲ್ಲಿ ಉಚ್ಚೆ ಪೂರ್ತಿ ಕಟ್ಟಿಕೊಂಡು, ಹೊಟ್ಟೆ ತಮಟೆಯಂತೆ ಬಿಗಿದು, ಹೋ ಎಂದು ಕೂಗಿಕೊಂಡ. ಜನ ಎತ್ತಿಕೊಂಡು ಹೋಗಿ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಉಚ್ಚೆ ಇಳಿಯಲು ನಳಿಗೆ ಹಾಕಿದರು. ಆಮೇಲೆ ಹಾಸನ, ಅಲ್ಲಿ ರಕ್ತ ಪರೀಕ್ಷೆ, ಆಮೇಲೆ ಮೈಸೂರು, ಅಲ್ಲಿ ಒಳಗಿನ ತುಣುಕು ತೆಗೆದು ಪರೀಕ್ಷೆ. ಪ್ರಾಸ್ಟೇಟ್ ಕ್ಯಾನ್ಸರ್ ಎಂದರು.

ಹಾಗೆಂದರೇನು ಎಂದು ಬಿಡಿಸಿ ಹೇಳಿದವಳು ಅಲ್ಲಿಯ ನರ್ಸು ಅರುಣಾ. "ನೋಡಿ ಯಜಮಾನ್ರೇ, ಉಚ್ಚೆ ಚೀಲದ ಬುಡದಲ್ಲಿ ಅಡಿಕೆಗಿಂತ ಸ್ವಲ್ಪ ದೊಡ್ಡ ಗ್ರಂಥಿ ಇರುತ್ತೆ. ಗಂಡಸ್ರಿಗೆ ಮಾತ್ರ. ವಯಸ್ಸಾದಂಗೆ ಅದು ಊದ್ಕೊಳ್ಳೋದು ಮಾಮೂಲಿ. ಊದ್ಕೊಂಡಿದ್ದೆಲ್ಲ ಕ್ಯಾನ್ಸರ್ ಅಲ್ಲ. ಆದ್ರೆ ಪರೀಕ್ಷೆ ಮಾಡ್ದೆ ಯಾರೂ ಹೇಳಕ್ಕಾಗಲ್ಲ. ಕೆಲವ್ರಿಗೆ ಏನೂ ತೊಂದ್ರೇನೇ ಕೊಡ್ದೆ ಒಳಗೊಳಗೇ ಬೆಳೆಯುತ್ತೆ. ನಿಮ್ದು ಇನ್ನೂ ಹೊರಗೆ ಹರಡಿಲ್ಲ, ಪುಣ್ಯ ಮಾಡಿದ್ರಿ. ಯಾಕ್ ಇಷ್ಟ್ ದಿನ ಸುಮ್ನಿದ್ರಿ?"

"ಎಳನೀರು ಕುಡೀತಿದ್ದೆ ಕಣವ್ವ" ಎಂದ ಬೋರಯ್ಯ. ಅವಳು ನಗಲಿಲ್ಲ.

ಆಪರೇಶನ್ ಆಗಿ ಮಲಗಿದ್ದ ಹನ್ನೊಂದು ದಿನ ಅವನನ್ನು ತಿಂದದ್ದು ಗಾಯದ ನೋವಲ್ಲ. ಮೂವತ್ತೊಂದು ವರ್ಷದಲ್ಲಿ ಹೀಟಾಗೈತೆ ಎಂದು ಬಂದು ನಿಂತ ಗಂಡಸರ ಮುಖಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ಅದರಲ್ಲಿ ಜಯದೇವಪ್ಪ ಮೇಷ್ಟ್ರ ಮುಖ ಬಂದರೆ ಹೋಗುತ್ತಲೇ ಇರಲಿಲ್ಲ. ಮೇಷ್ಟ್ರು ಒಂದು ವರ್ಷ ತಪ್ಪದೆ ಬಂದಿದ್ದರು. ಕೊನೆ ಕೊನೆಗೆ ಸೊಂಟ ಹಿಡಿದುಕೊಂಡು ಬರುತ್ತಿದ್ದರು. ಇದೇ ಕ್ಯಾನ್ಸರ್ ಮೂಳೆಗೆ ಇಳಿದಿತ್ತು ಎಂದು ಆಮೇಲೆ ಯಾರೋ ಅಂದರು. ಅವರ ತಿಥಿಯ ದಿನವೂ ಬೋರಯ್ಯ ಎರಡು ಗೊನೆ ಎಳನೀರು ಹೊರಿಸಿಕೊಂಡು ಹೋಗಿ ಕೊಟ್ಟು ಬಂದಿದ್ದ. ಈಗ ಅದನ್ನು ನೆನೆದರೆ ಅವನಿಗೆ ತನ್ನ ಮೇಲೇ ಅಸಹ್ಯವಾಗುತ್ತಿತ್ತು. ಎಳನೀರಿನದೇನೂ ತಪ್ಪಿಲ್ಲ, ಅದು ಪಾಪದ ನೀರು. ಸುಮ್ಮನೆ ಮಾರುವುದು ಬಿಟ್ಟು, ಗೊತ್ತಿಲ್ಲದ್ದನ್ನು ಗೊತ್ತು ಎಂದು ಹೇಳಿದ ಬಾಯಿ ತನ್ನದು ಎಂದು ಗೋಡೆಯ ಕಡೆ ತಿರುಗಿ ಅತ್ತ.

ಊರಿಗೆ ಬಂದು ಮೂರು ತಿಂಗಳಿಗೆ ಗಾಡಿ ಮತ್ತೆ ನಿಂತಿತು. ಆದರೆ ಎಳನೀರು ಡಾಕ್ಟ್ರು ಪೂರ್ತಿ ಬದಲಾಗಿದ್ದ. ಯಾರಾದರೂ ಹೀಟು ಎಂದು ಬಾಯಿಬಿಟ್ಟರೆ ಸಾಕು, "ಆಸ್ಪತ್ರೆಗೆ ಹೋಗಿ ತೋರ್ಸಿ" ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತಿದ್ದ. ಬಂದವರು ಮುಖ ತಪ್ಪಿಸಿಕೊಂಡು ಮುಂದಿನ ಗಾಡಿಗೆ ಹೋಗತೊಡಗಿದರು. ಮದ್ದಿಗೆ ಬರುವವನಿಗೆ ಗುಟ್ಟು ಬೇಕು, ಗುಟ್ಟು ಬಿಟ್ಟುಕೊಡುವವನ ಹತ್ತಿರ ಯಾರು ಬರುತ್ತಾರೆ? ಜವರಪ್ಪ ಒಬ್ಬರೇ ಬೀಗರೆಂಬ ಸಲುಗೆಯಲ್ಲಿ ಬರುತ್ತಿದ್ದರು. ಬೋರಯ್ಯ ನಾಲ್ಕು ಸಲ ಅವರನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ್ದ. ಅವರ ಉತ್ತರ ಒಂದೇ. "ತಿಂಗ್ಳು ತಿಂಗ್ಳು ಹುಣ್ಣಿಮೆಗೆ ಬೆಟ್ಟ ಹತ್ತೋ ಕಾಲು ಇದು. ಬೆಟ್ಟ ಹತ್ತೋ ಗಂಡ್ಸಿಗೆ ಯಾವ್ ಕಾಯ್ಲೆ ಬೀಗ್ರೇ?" ಐದನೆಯ ಸಲ ಬೋರಯ್ಯನಿಗೆ ತಾಳ್ಮೆ ತಪ್ಪಿತು.

ಅಂದು ಸಂಜೆಯೇ ಲತಾಮಣಿಯ ಫೋನು ಬಂತು. "ಅಪ್ಪಾ, ನೀನ್ ಏನ್ ಮಾಡ್ದೆ ಗೊತ್ತಾ? ಮಾವ ಊಟ ಬಿಟ್ಟವ್ರೆ. ಅತ್ತೆ ನನ್ ಮುಖ ನೋಡ್ತಿಲ್ಲ. ನಿಮ್ಮಪ್ಪನ ಮಾನ ಹೋಗಿದ್ದಕ್ಕೆ ಊರೋರ್ದೆಲ್ಲ ಹೋಗ್ಲಿ ಅಂತಾನಾ ಅಂತ ಮನೆಯೋರೆಲ್ಲ ಕೇಳ್ತಾರೆ. ನಾನು ಈ ಮನೇಲಿ ತಲೆ ಎತ್ಕೊಂಡು ಓಡಾಡ್ಬೇಕೋ ಬೇಡ್ವೋ?"

ಬೋರಯ್ಯ ಮಗಳ ಮಾತನ್ನು ಕೊನೆಯವರೆಗೂ ಕೇಳಿಸಿಕೊಂಡ. ಆದರೂ ಸೋಲಲಿಲ್ಲ. "ನಿಮ್ಮಾವ ಬದ್ಕಿದ್ರೆ ತಾನೆ ಮಗಾ ಮುನಿಸ್ಕೊಳ್ಳೋದು. ಮುನಿಸ್ಕೊಳ್ಳಿ ಬುಡು" ಎಂದ.

ಹುಚ್ಚಮ್ಮ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಬೋರಯ್ಯ ಒಂದು ಬಿಳಿ ಅಂಗಿ ಹಿಡಿದುಕೊಂಡು ಆಟೋಗಳ ಹಿಂದೆ ಹೆಸರು ಬರೆಯುವ ಪೇಂಟರ್ ಹತ್ತಿರ ಹೋದ. ಬೆನ್ನ ಮೇಲೆ, ಕೆಂಪು ಬಣ್ಣದಲ್ಲಿ, ದಪ್ಪ ಅಕ್ಷರದಲ್ಲಿ ಹೀಗೆ ಬರೆಸಿಕೊಂಡು ಬಂದ:

ಉಚ್ಚೆ ತೊಂದರೆ ಎಲ್ಲಾ ಉಷ್ಣ ಅಲ್ಲ. ನನಗೆ ಪ್ರಾಸ್ಟೇಟ್ ಕ್ಯಾನ್ಸರ್ ಇತ್ತು. ಐವತ್ತು ದಾಟಿದವರು ನಾಚದೆ ಡಾಕ್ಟರನ್ನು ಕೇಳಿ. ಎಳನೀರು ಬೋರಯ್ಯ, ಹಳೇಬೀಡು.

"ಇದನ್ನ ಹಾಕ್ಕೊಂಡು ಎಲ್ಲಿಗೆ ಸವಾರಿ?" ಎಂದಳು ಹುಚ್ಚಮ್ಮ, ಮೌನ ಮುರಿದು.

"ಜೇನುಕಲ್ ಬೆಟ್ಟಕ್ಕೆ. ಹುಣ್ಣಿಮೆ ದಿನ."

ಅರಸೀಕೆರೆ ಸೀಮೆಯಲ್ಲಿ ಹುಣ್ಣಿಮೆ ಬಂದರೆ ಜನ ಜೇನುಕಲ್ಲು ಸಿದ್ಧೇಶ್ವರನ ಬೆಟ್ಟಕ್ಕೆ ಸಾಲುಗಟ್ಟುತ್ತಾರೆ. ಇಷ್ಟು ಹುಣ್ಣಿಮೆ ಹತ್ತುತ್ತೇನೆ ಎಂದು ಹರಕೆ ಹೊತ್ತವರು, ಹರಕೆ ತೀರಿದವರು, ಸುಮ್ಮನೆ ಹತ್ತುವವರು ಎಲ್ಲರೂ ಇರುತ್ತಾರೆ. ಬೋರಯ್ಯನ ಲೆಕ್ಕಾಚಾರ ಸರಳವಾಗಿತ್ತು. ಎಳನೀರಿಗೆ ಬಗ್ಗದ ಉಷ್ಣ ಇರುವವರು ಕೊನೆಗೆ ಹೋಗುವುದು ಹರಕೆಗೆ. ಗಾಡಿ ಬಿಟ್ಟು ಹೋದ ಗಂಡಸರೆಲ್ಲ ಅಲ್ಲಿ ಸಿಗುತ್ತಾರೆ. ಮೇಲಾಗಿ, ಮೆಟ್ಟಿಲು ಹತ್ತುವವನ ಕಣ್ಣಿಗೆ ಮುಂದಿನವನ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ಬೇಡವೆಂದರೂ ಓದಲೇಬೇಕು. ಜವರಪ್ಪನವರೂ ತಪ್ಪದೆ ಬರುತ್ತಾರೆ.

"ದೇವ್ರ ಬೆಟ್ಟದಲ್ಲಿ ಇಂಥ ಮೈಲಿಗೆ ಮಾತಾ?"

"ಆ ಗ್ರಂಥೀನ ಮಾಡಿ ಇಟ್ಟೋನು ಸಿದ್ಧಪ್ಪನೇ ತಾನೆ? ಅವ್ನಿಗಿಲ್ಲದ ಮೈಲಿಗೆ ನಿಂಗ್ಯಾಕೆ?"

"ಆಡ್ಕೊಳ್ಳೋರ ಮುಂದೆ ಎಡವಿ ಬೀಳ್ತೀನಿ ಅಂತ ಹೊಂಟಿದೀರಿ" ಎಂದು ಹುಚ್ಚಮ್ಮ ಗೊಣಗಿದಳು. ಗೊಣಗಿಕೊಂಡೇ ಹುಣ್ಣಿಮೆಯ ಬೆಳಿಗ್ಗೆ ತಾನೂ ಸೀರೆ ಎತ್ತಿ ಸಿಕ್ಕಿಸಿ ಹೊರಟು ನಿಂತಳು. "ಬಿದ್ರೆ ಎತ್ತಕ್ಕೆ ಒಬ್ರು ಬೇಕಲ್ಲ" ಎಂದಳು.

ದೂರದ ಬೆಟ್ಟ ನುಣ್ಣಗೆ ಎನ್ನುವುದು ಸುಳ್ಳಲ್ಲ. ಕೆಳಗಿನಿಂದ ನೋಡಿದಾಗ ಅಷ್ಟೇ ತಾನೆ ಎನ್ನಿಸಿದ ಬೆಟ್ಟ, ಇನ್ನೂರು ಮೆಟ್ಟಿಲಿಗೆ ಬೋರಯ್ಯನ ಉಸಿರು ಕಿತ್ತುಕೊಂಡಿತು. ಹತ್ತಬಹುದು, ಭಾರ ಮಾತ್ರ ಎತ್ತಬೇಡಿ ಎಂದು ಡಾಕ್ಟರು ಒಪ್ಪಿಗೆ ಕೊಟ್ಟಿದ್ದರು. ಆಪರೇಶನ್ ಆಗಿ ಎಂಟು ತಿಂಗಳಾಗಿತ್ತು. ಗಾಯ ಮಾಗಿತ್ತು, ಉಚ್ಚೆಯ ಹಿಡಿತ ಮಾತ್ರ ಪೂರ್ತಿ ಬಂದಿರಲಿಲ್ಲ. ಕೆಮ್ಮಿದರೆ, ಬಗ್ಗಿದರೆ, ಜೋರಾಗಿ ನಕ್ಕರೆ ಒಂದಿಷ್ಟು ಜಾರುತ್ತಿತ್ತು. ಅದಕ್ಕೆಂದೇ ಪಂಚೆಯ ಒಳಗೆ ಆಸ್ಪತ್ರೆಯವರು ಹೇಳಿಕೊಟ್ಟ ಪ್ಯಾಡು ಕಟ್ಟಿದ್ದ.

ಹಿಂದೆ ಬಂದವರು ಬೆನ್ನು ಓದಿದರು. ಕೆಲವರು ಓದಿ ಬೇಗ ಬೇಗ ಮುಂದೆ ದಾಟಿದರು. ಕೆಲವು ಹೆಂಗಸರು ಓದಿ, ತಿರುಗಿ ತಮ್ಮ ಗಂಡಂದಿರ ಮುಖ ನೋಡಿದರು. ಓದು ಬಾರದವರು ಏನು ಬರೆದೈತೆ ಎಂದು ಕೇಳಿದರೆ, ಓದು ಬಾರದ ಹುಚ್ಚಮ್ಮನೇ ಉತ್ತರ ಕೊಡುತ್ತಿದ್ದಳು. ಪಕ್ಕದ ಮನೆಯ ಹುಡುಗಿಯ ಹತ್ತಿರ ಹೇಳಿಸಿಕೊಂಡು ಆ ಸಾಲುಗಳನ್ನು ಅವಳು ಬಾಯಿಪಾಠ ಮಾಡಿದ್ದು ಬೋರಯ್ಯನಿಗೆ ಗೊತ್ತಾದದ್ದು ಆ ಮೆಟ್ಟಿಲ ಮೇಲೆಯೇ. ಮೊದಲ ಸಲ ಅವಳ ಗಂಟಲು ಸಣ್ಣಗಿತ್ತು. ಹತ್ತನೆಯ ಸಲಕ್ಕೆ ಕಂಡಕ್ಟರ್ ಊರು ಕೂಗಿದ ಹಾಗೆ ಕೂಗುತ್ತಿದ್ದಳು.

ಅರ್ಧ ದಾರಿಯಲ್ಲಿ, ಬಂಡೆ ಕಡಿದಾಗುವ ಕಡೆ, ಹಿಂದಿನಿಂದ ಬಸ್ತಿಹಳ್ಳಿಯವರ ಗುಂಪು ಬಂತು. ಮುಂದೆ ಜವರಪ್ಪ. ಬೀಗರನ್ನು ಕಂಡು ಬೋರಯ್ಯ ಪಕ್ಕಕ್ಕೆ ಸರಿಯಲು ಎತ್ತರದ ಮೆಟ್ಟಿಲಿಗೆ ಕಾಲು ಚಾಚಿದ. ಹೊಟ್ಟೆಯ ಕೆಳಗೆ ಏನೋ ಸಡಿಲವಾಯಿತು. ಪ್ಯಾಡು ಆಗಲೇ ತುಂಬಿತ್ತು. ಬೆಚ್ಚಗೆ ತೊಡೆಗುಂಟ ಇಳಿದು, ಬಿಳಿ ಪಂಚೆ ಮೊಣಕಾಲವರೆಗೆ ಒದ್ದೆಯಾಯಿತು.

ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಇನ್ನೊಬ್ಬ ಮೊಬೈಲು ಎತ್ತಿದ. ಹುಚ್ಚಮ್ಮ ಓಡಿ ಬಂದು ಸೆರಗು ಅಡ್ಡ ಹಿಡಿದಳು. ನಾಚಿಕೆಯಿಂದ ಬೋರಯ್ಯನ ಕಿವಿ ಸುಡುತ್ತಿತ್ತು, ಭೂಮಿ ಬಾಯ್ಬಿಡಬಾರದೇ ಎನ್ನಿಸಿತು. ಅದು ಒಂದು ಗಳಿಗೆ. ಮರುಗಳಿಗೆಗೆ ಬಂದದ್ದು ಸಿಟ್ಟು. ಮೇಷ್ಟ್ರು ಸತ್ತದ್ದು ಇದೇ ನಾಚಿಕೆಯಿಂದಲ್ಲವೇ?

"ಸೆರಗು ತೆಗೀ ಹುಚ್ಚಿ, ನೋಡ್ಲಿ" ಎಂದು ಅವಳ ಕೈ ಸರಿಸಿ, ಜನದ ಕಡೆಗೆ ತಿರುಗಿ ನಿಂತ. "ಇದು ಬೆವ್ರಲ್ಲ ಕಣ್ರಪ್ಪಾ, ಉಚ್ಚೆ! ನಗೋರು ಚೆನ್ನಾಗಿ ನಗ್ರಿ. ಏ ತಮ್ಮ, ಮೊಬೈಲು ಸರಿಯಾಗಿ ಹಿಡಿ, ಬೆನ್ನಿನ ಅಕ್ಷರಾನೂ ಬರ್ಲಿ. ಕ್ಯಾನ್ಸರ್ ಗ್ರಂಥಿ ಕಿತ್ತಾಕಿದ್ರು, ಹಿಡ್ತ ತಪ್ಪೈತೆ, ಸೋರ್ತೈತೆ. ಸೋರ್ತೈತೆ ಅಂದ್ರೆ ನಾನು ಇನ್ನೂ ಬದ್ಕಿವ್ನಿ ಅಂತ. ಜಯದೇವಪ್ಪ ಮೇಷ್ಟ್ರ ಪಂಚೆ ಕೊನೇ ತನ್ಕ ಒಣಗೇ ಇತ್ತು. ಎಲ್ಲವ್ರೆ ಅವ್ರು? ನಾನೇ ಎಳನೀರು ಕುಡ್ಸಿ ಕಳಿಸ್ದೆ!"

ಯಾರೂ ನಗಲಿಲ್ಲ. ಜವರಪ್ಪ ಕಣ್ಣು ಕೆಳಗೆ ಹಾಕಿ, "ಸಾಕು ಮಾಡಿ ಬೀಗ್ರೇ, ಇದ್ದ ಒಂಚೂರು ಮಾನಾನೂ ಕಳೀಬ್ಯಾಡಿ" ಎಂದು ಹಲ್ಲು ಕಚ್ಚಿಕೊಂಡೇ ಹೇಳಿ, ಅವನನ್ನು ದಾಟಿ ಬಿರಬಿರನೆ ಮೇಲೆ ಹತ್ತಿದರು.

ಆ ಮಾತು ಬೋರಯ್ಯನಿಗೆ ನಾಟಿತು. ಇಷ್ಟೆಲ್ಲ ಮಾಡಿ, ಮಗಳ ಮನಸ್ಸೂ ಕೆಡಿಸಿ, ಯಾರಿಗಾಗಿ ಬಂದೆನೋ ಅವರೇ ಬೆನ್ನು ತಿರುಗಿಸಿ ಹೋದರಲ್ಲ ಎಂದು ಕುಸಿದು ಕುಳಿತ. ಹುಚ್ಚಮ್ಮ ಬಂಡೆಯ ಮರೆಗೆ ಕರೆದುಕೊಂಡು ಹೋಗಿ ಬೇರೆ ಪಂಚೆ ಉಡಿಸಿದಳು. "ಏಳಿ, ಅರ್ಧಕ್ಕೆ ಇಳ್ದ್ರೆ ಉಗೀತಾರೆ" ಎಂದಳು. ಅವನು ಎದ್ದ. ಉಳಿದ ಮೆಟ್ಟಿಲನ್ನು ಕೂತು ಕೂತು ಹತ್ತಿ, ದೇವರಿಗೆ ಕೈ ಮುಗಿದು, ಬೆನ್ನು ಎಲ್ಲರಿಗೂ ಕಾಣುವ ಹಾಗೆ ಕಟ್ಟೆಯ ತುದಿಯಲ್ಲಿ ಅರ್ಧ ಗಂಟೆ ಕುಳಿತ. ಬೆಳವಾಡಿ ಕಡೆಯ ಇಬ್ಬರು ಬಂದು ಅದೂ ಇದೂ ಕೇಳಿದರು. ಒಬ್ಬ ಅರುಣಾ ಇದ್ದ ಆಸ್ಪತ್ರೆಯ ಹೆಸರು ಬರೆದುಕೊಂಡ. ಜವರಪ್ಪ ಎಲ್ಲೂ ಕಾಣಲಿಲ್ಲ.

ಸಿಕ್ಕಿದ್ದು ಇಳಿಯುವಾಗ. ದಾರಿ ಬಿಟ್ಟು ಒಂದಿಷ್ಟು ದೂರದಲ್ಲಿ, ಲಂಟಾನ ಪೊದೆಯ ಆಚೆ, ಬಂಡೆಗೆ ಒಂದು ಕೈ ಊರಿಕೊಂಡು ನಿಂತಿದ್ದರು. ಜೊತೆಯವರು ಕೆಳಗಿಳಿದಾಗಿತ್ತು. ನಿಂತೇ ಇದ್ದರು. ಆ ನಿಲುವು ಬೋರಯ್ಯನಿಗೆ ಗೊತ್ತು, ಎರಡು ವರ್ಷ ತಾನೇ ಹಾಗೆ ನಿಂತವನು. ಹುಚ್ಚಮ್ಮನನ್ನು ಮುಂದೆ ಕಳುಹಿಸಿ, ಬೀಗರಿಗೆ ಬೆನ್ನು ಮಾಡಿ, ದಾರಿಯವರು ಆ ಕಡೆ ಬಾರದಂತೆ ಅಡ್ಡ ನಿಂತ.

ತುಂಬ ಹೊತ್ತಾದ ಮೇಲೆ ಹಿಂದಿನಿಂದ ಜವರಪ್ಪನವರ ದನಿ ಬಂತು. "ನೀವು ರಾತ್ರಿ ಎಷ್ಟ್ ಸಲ ಏಳ್ತಿದ್ರಿ?"

"ಐದು."

"ನಂದು ಏಳು" ಎಂದರು. ಬಂದು ಪಕ್ಕದ ಕಲ್ಲಿನ ಮೇಲೆ ಕುಳಿತರು. ಬೆಟ್ಟ ಹತ್ತುವ ಆ ಗಟ್ಟಿ ಕಾಲುಗಳನ್ನು ಎರಡೂ ಕೈಯಲ್ಲಿ ನೀವಿಕೊಂಡರು. "ಆಪರೇಶನ್ ಮಾಡಿದ್ರೆ ಗಂಡಸ್ತನ ಹೋಯ್ತದಂತೆ. ದಿಟವಾ?"

ಸುಳ್ಳು ಹೇಳಿದ್ದರೆ ಕೆಲಸ ಸುಲಭವಾಗುತ್ತಿತ್ತು. ಬೋರಯ್ಯ ಹೇಳಲಿಲ್ಲ. "ಎಲ್ಲಾರ್ಗೂ ಆಪರೇಶನ್ನೇ ಬೇಕು ಅಂತಿಲ್ಲ ಬೀಗ್ರೇ. ಮಾತ್ರೇಲೇ ವಾಸಿ ಆಗೋದೂ ಇರ್ತದೆ, ನಿಮ್ದು ಅಂಥದ್ದೇ ಇರ್ಬೋದು. ಮಾಡಿದ್ರೆ, ಹೋದ್ರೂ ಹೋಗ್ಬೋದು. ನಂದು ಹೋಗೈತೆ. ಈಗ ನನ್ ಪಂಚೆ ಒದ್ದೆ ಆದಾಗ ಸೆರಗು ಅಡ್ಡ ಹಿಡ್ದೋಳು ಯಾರು, ನೋಡಿದ್ರಲ್ಲ? ಅವ್ಳೇನು ನನ್ ಬಿಟ್ಟು ಹೋಗಿಲ್ಲ."

ಜವರಪ್ಪ ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ಅರವತ್ತೇಳು ವರ್ಷದ ಆ ದೊಡ್ಡ ಮನುಷ್ಯ ಬಿಕ್ಕುತ್ತಿದ್ದರು. ಬೋರಯ್ಯ ಅವರ ಬೆನ್ನ ಮೇಲೆ ಕೈ ಇಟ್ಟ. ಬೀಗರನ್ನು ಹಾಗೆ ಮುಟ್ಟುವ ಪದ್ಧತಿ ಇಲ್ಲ, ಆದರೂ ಇಟ್ಟ.

ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಇಬ್ಬರೂ ಹಾಸನಕ್ಕೆ ಹೋದರು. ಆಸ್ಪತ್ರೆಯ ಚೀಟಿ ಕಿಟಕಿಯ ಮುಂದೆ ಗಂಡಸರ ಸಾಲು ಉದ್ದಕ್ಕಿತ್ತು. ದಾರಿಯುದ್ದಕ್ಕೂ ಜವರಪ್ಪ ಒಂದೇ ಪಾಠ ಒಪ್ಪಿಸಿದ್ದರು. "ಹೊಟ್ಟೆ ನೋವು ಅಂತ ಬರೆಸ್ತೀನಿ. ಒಳಗೆ ಡಾಕ್ಟ್ರತ್ರ ನಿಜ ಹೇಳ್ತೀನಿ. ಅಷ್ಟ್ ಮಾತ್ರ ನನ್ ಮಾತು ನಡೀಲಿ." ಬೋರಯ್ಯ ಒಪ್ಪಿದ್ದ. ತೀರಾ ಜಗ್ಗಿದರೆ ಹಗ್ಗವೇ ಹರಿಯುತ್ತದೆ ಎಂದು ಅವನಿಗೂ ತಿಳಿದಿತ್ತು.

ಸಾಲು ಸರಿಯಿತು. ಕಿಟಕಿಯ ಒಳಗಿನ ಹುಡುಗಿ ಹೆಸರು, ವಯಸ್ಸು, ಊರು ಕೇಳಿ ಬರೆದುಕೊಂಡಳು. "ಏನ್ ತೊಂದ್ರೆ?"

ಜವರಪ್ಪ ಬಾಯಿ ತೆರೆದರು. ಮತ್ತೆ ಮುಚ್ಚಿ, ಟವೆಲನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಹಾಕಿಕೊಂಡರು. ಹಿಂದಿನವರು ಇಣುಕಿ ನೋಡಿದರು. ಬೋರಯ್ಯ ಬಾಯಿಗೆ ಬಂದದ್ದನ್ನು ನುಂಗಿಕೊಂಡು ಸುಮ್ಮನೆ ನಿಂತ.

"ಯಜಮಾನ್ರೇ, ಏನ್ ತೊಂದ್ರೆ ಹೇಳಿ, ಜನ ಕಾಯ್ತಾವ್ರೆ."

"ಉಚ್ಚೆ ಬರಲ್ಲ ಕಣವ್ವಾ!" ಎಂದರು ಜವರಪ್ಪ. ತೋಟದ ಆ ತುದಿಯ ಆಳನ್ನು ಕರೆಯುವ ದನಿಯಲ್ಲಿ ಅಂದರು. ಇಡೀ ಪಡಸಾಲೆ ತಿರುಗಿ ನೋಡಿತು. "ನಿಂತ್ರೂ ಬರಲ್ಲ, ಕುಂತ್ರೂ ಬರಲ್ಲ. ಉಷ್ಣ ಅಂತ ಇಷ್ಟ್ ದಿನ ಸುಮ್ನಿದ್ದೆ. ಪ್ರಾಸ್ಟೇಟೋ ಏನೋ, ಅದನ್ನ ನೋಡೋ ಡಾಕ್ಟ್ರತ್ರ ಕಳ್ಸು. ದಪ್ಪಕ್ಕೆ ಬರ್ಕೋ!"

ಹುಡುಗಿ ತಲೆ ಎತ್ತದೆ ಬರೆದು, ಚೀಟಿ ಹರಿದು ಕೊಟ್ಟು, ಹದಿನಾಲ್ಕನೇ ನಂಬರಿನ ರೂಮು ಎಂದಳು. ಜವರಪ್ಪ ಚೀಟಿ ಹಿಡಿದು ಹೊರಟರು. ಅವರ ಹಿಂದೆ ನಿಂತಿದ್ದವರು ಕೋಟು ಹಾಕಿಕೊಂಡ, ಕನ್ನಡಕದ, ಓದಿದವರಂತೆ ಕಾಣುತ್ತಿದ್ದ ಹಿರಿಯರು. ಅವರು ಕಿಟಕಿಗೆ ಬಗ್ಗಿದರು.

"ತೊಂದ್ರೆ?" ಎಂದಳು ಹುಡುಗಿ.

ಅವರು ಒಮ್ಮೆ ಸುತ್ತ ನೋಡಿ, ಗಂಟಲು ಸರಿಮಾಡಿಕೊಂಡು, "ನಂದೂ ಅದೇ ಕಣಮ್ಮ. ಹದಿನಾಲ್ಕು ಅಂದ್ರಿ, ಅಲ್ವಾ?" ಎಂದರು.